ಗ್ರಾಫ್ ಹಾಳೆಯ ಮೇಲೆ ಕೋವಿ

ಮುಂಬಯಿಯ ಫೋರ್ಟ್‌ನ ನಮ್ಮ ರಾತ್ರಿ ಶಾಲೆಯಲ್ಲಿ ಕೆಲಸ ಮತ್ತು ಶಕ್ತಿಯ ಪಾಠ ನಡೆಯುತ್ತಿತ್ತು. ಬಂಟ್ವಾಳ ಕಡೆಯ ಗೆಳೆಯನೊಬ್ಬ ಎದ್ದು ನಿಂತ. ಹಗಲು ಕ್ಯಾಂಟೀನಿನಲ್ಲಿ ಕೆಲಸ ಮಾಡುತ್ತಿದ್ದವನು. ಅವನ ಊರಿನ ಮನೆಯಲ್ಲಿ ಹಂದಿ ಓಡಿಸಲು ಕೋವಿ ಇತ್ತು. "ಸರ್, ಮದ್ದು ಸಿಡಿಯೋದು ಒಂದೇ ಸಲ ಅಲ್ವಾ? ಮತ್ತೆ ನಳಿಗೆ ಅಷ್ಟು ಉದ್ದ ಯಾಕೆ?"

ವಿಜ್ಞಾನದ ಮಾಸ್ತರು ಪಾಠ ಅಲ್ಲಿಗೇ ನಿಲ್ಲಿಸಿದರು. ಅವತ್ತು ಉತ್ತರ ಕೊಡಲಿಲ್ಲ. ಮುಂದಿನ ವಾರ ಗ್ರಾಫ್ ಹಾಳೆ ತಂದು ಎಲ್ಲರಿಗೂ ಹಂಚಿದರು. ಆಗ ಪೊಲೀಸರ ಕೈಯಲ್ಲಿ ಕಾಣುತ್ತಿದ್ದ 7.62 ಮಿಲಿಮೀಟರ್ ಬಾಯಿಯ ಎಸ್‌ಎಲ್‌ಆರ್ (ಗುಂಡನ್ನು ತಾನೇ ತುಂಬಿಕೊಳ್ಳುವ ಸೆಲ್ಫ್ ಲೋಡಿಂಗ್ ರೈಫಲ್) ನಮ್ಮ ಲೆಕ್ಕಕ್ಕೆ.

ಮದ್ದು ಸಿಡಿಯುವುದಿಲ್ಲ, ಉರಿಯುತ್ತದೆ ಎಂದರು. ಪ್ರತಿ ಕಾಳೂ ಹೊರಗಿನಿಂದ ಒಳಕ್ಕೆ ಉರಿಯುತ್ತದೆ. ಒತ್ತಡ ಏರಿದಷ್ಟೂ ಉರಿ ಚುರುಕಾಗುತ್ತದೆ, ಉರಿ ಚುರುಕಾದಷ್ಟೂ ಒತ್ತಡ ಇನ್ನೂ ಏರುತ್ತದೆ. ಅಷ್ಟರಲ್ಲಿ ಗುಂಡು ಹೊರಟಿರುತ್ತದೆ. ಅದು ಮುಂದೆ ಸರಿದಂತೆ ಹಿಂದೆ ಅನಿಲಕ್ಕೆ ಜಾಗ ಜಾಸ್ತಿ. ಹಾಗಾಗಿ ಗುಂಡು ಕೆಲವೇ ಸೆಂಟಿಮೀಟರ್ ಹೋಗುವಾಗ ಒತ್ತಡ ತುದಿಗೇರಿ, ಆಮೇಲೆ ಇಳಿಯತೊಡಗುತ್ತದೆ. ಆ ತುದಿಯಲ್ಲಿ ಅದು ನಾವು ಉಸಿರಾಡುವ ಗಾಳಿಯ ಒತ್ತಡದ ಸುಮಾರು 3500 ಪಟ್ಟು. ಹತ್ತು ಗ್ರಾಮೂ ಇಲ್ಲದ ಗುಂಡಿನ ಹಿಂದೆ 1600 ಕಿಲೋ ತೂಕದಷ್ಟು ಬಲ! ನಳಿಗೆ ಹಿಂಭಾಗದಲ್ಲಿ ದಪ್ಪ, ಮುಂದೆ ತೆಳು ಇರುವುದು ಇದಕ್ಕೇ. ಜಂಜೀರಾ ಕೋಟೆಗೆ ಪ್ರವಾಸ ಹೋದಾಗ ತೋಪುಗಳ ಎರಡೂ ತುದಿ ಮುಟ್ಟಿಸಿ ಅದನ್ನೇ ತೋರಿಸಿದರು.

ಇಲ್ಲಿಗೆ ಬಿಡಬಹುದಿತ್ತು. ಅವರು ಬಿಡಲಿಲ್ಲ. ಗ್ರಾಫ್ ಹಾಳೆಯಲ್ಲಿ ಒತ್ತಡದ ಗೆರೆ ಎಳೆಸಿ, ಅದರ ಕೆಳಗಿನ ಚೌಕಗಳನ್ನು ಎಣಿಸಿ ಎಂದರು. ಒತ್ತಡ ಮೇಲಕ್ಕೆ, ಗುಂಡು ಸಾಗಿದ ದೂರ ಅಡ್ಡಕ್ಕೆ. ಆ ಚೌಕಗಳ ಮೊತ್ತವನ್ನು ನಳಿಗೆಯ ಬಾಯಿಯ ವಿಸ್ತೀರ್ಣದಿಂದ ಗುಣಿಸಿದರೆ ಸಿಗುವುದೇ ಗುಂಡಿನ ಶಕ್ತಿ. ಸುಮಾರು 9.5 ಗ್ರಾಮಿನ ಗುಂಡು ಸೆಕೆಂಡಿಗೆ 840 ಮೀಟರ್ ವೇಗದಲ್ಲಿ ಹೊರಬೀಳಲು ಬೇಕಾದದ್ದು ಸುಮಾರು 3350 ಜೌಲ್. ಸುಮಾರು ಅರ್ಧ ಮೀಟರ್ ದಾರಿಗೆ ಸರಾಸರಿ ಒತ್ತಡ ಗಾಳಿಯ ಒತ್ತಡದ 1450 ಪಟ್ಟು ಬಂತು, ತುದಿಯ ಒತ್ತಡದ ಅರ್ಧಕ್ಕೂ ಕಡಿಮೆ. ಗೆಳೆಯನ ಪ್ರಶ್ನೆಗೆ ಉತ್ತರ ಅದೇ. ವೇಗ ಕೊಡುವುದು ಆ ಒಂದು ತುದಿ ಅಲ್ಲ, ನಳಿಗೆಯ ಉದ್ದಕ್ಕೂ ಬಿಡದೆ ತಳ್ಳುವ ಒತ್ತಡ.

"ಹಾಗಾದ್ರೆ ಇನ್ನೂ ಉದ್ದ ಮಾಡಿದ್ರೆ?" ಅಂದೆ ನಾನು. ಗೆರೆ ತಗ್ಗುತ್ತಾ ಹೋಗುತ್ತದೆ, ಪ್ರತಿ ಹೊಸ ಇಂಚಿಗೂ ಲಾಭ ಕಡಿಮೆ ಎಂದರು. ಆದರೂ ಬಾಯಿ ತಲುಪಿದಾಗ ಒತ್ತಡ ನೂರಾರು ಪಟ್ಟು ಉಳಿದೇ ಇರುತ್ತದೆ. ಅದು ಒಮ್ಮೆಲೇ ಹೊರಗೆ ನುಗ್ಗುವುದರಿಂದಲೇ ಆ ಢಮಾರ್ ಸದ್ದು. ಇದೆಲ್ಲ ನಡೆಯುವುದು ಹೆಚ್ಚುಕಡಿಮೆ ಒಂದು ಮಿಲಿಸೆಕೆಂಡಿನಲ್ಲಿ ಎಂದು ಕೇಳಿ ತರಗತಿಯೇ ಬೆರಗಾಗಿತ್ತು. ದಿನವಿಡೀ ದುಡಿದು ಬಂದ ಹುಡುಗರನ್ನು ಹೀಗೆ ಲೆಕ್ಕಕ್ಕೆ ಕೂರಿಸಿದ ಮಾಸ್ತರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈಗ ಓದುತ್ತಿರುವ ಮಕ್ಕಳು ಭಾರತದಲ್ಲೇ ತಯಾರಾದ ಇನ್ಸಾಸ್ ರೈಫಲ್‌ನ ಲೆಕ್ಕ ಮಾಡಿ ನೋಡಲಿ. ಗುಂಡು 4 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 900 ಮೀಟರ್, ನಳಿಗೆ 464 ಮಿಲಿಮೀಟರ್, ಬಾಯಿ 5.56 ಮಿಲಿಮೀಟರ್. ಸರಾಸರಿ ಒತ್ತಡ ಎಷ್ಟು?