ಜಾಗ ಆಮೇಲೆ, ಮೊದಲು ಜೊತೆಗೆ ಯಾರು ಹೇಳಿ

ಮದುವೆ ಮನೆಯಲ್ಲಿ ಊಟಕ್ಕೆ ಕೂತರೆ ಪಕ್ಕದ ಎಲೆಯಿಂದ ಈ ಪ್ರಶ್ನೆ ಬಂದೇ ಬರುತ್ತದೆ. "ಅದೇನೋ ಉಸಿರು ಕಟ್ಟಿ ಸಮುದ್ರದಲ್ಲಿ ಮುಳುಗಕ್ಕೆ ಹೋಗ್ತೀಯಂತಲ್ಲ ಮಾರಾಯ್ತಿ, ಎಲ್ಲಿಗೆ ಹೋಗ್ತೀಯ? ಜೊತೆಗೆ ಯಾರು?" ಅತ್ತೆ ಕೇಳುವ 'ಜೊತೆಗೆ ಯಾರು' ಅನ್ನೋದರ ಅರ್ಥ ಬೇರೆ, ಅದು ನಿಮಗೂ ಗೊತ್ತು. ಆದರೆ ಈಗೀಗ ಚಿಕ್ಕಮಗಳೂರು, ಹಾಸನದ ಕಡೆಯ ಹುಡುಗ ಹುಡುಗಿಯರೂ ಇದನ್ನೇ ಕೇಳುತ್ತಿದ್ದಾರೆ. ವರ್ಷಕ್ಕೆ ಒಂದು ವಾರ ರಜೆ ಸಿಗುತ್ತೆ, ಫ್ರೀಡೈವಿಂಗ್‌ಗೆ ಯಾವ ಊರಿಗೆ ಹೋಗೋದು, ಜೊತೆಗೆ ಇಳಿಯೋರನ್ನು ಎಲ್ಲಿ ಹುಡುಕೋದು ಅಂತ. ಒಬ್ಬೊಬ್ಬರಿಗೂ ವಾಯ್ಸ್ ಮೆಸೇಜ್ ಕಳಿಸಿ ಸಾಕಾಗಿದೆ. ಇಲ್ಲಿ ಬರೆದಿಡುತ್ತೇನೆ.

ಫ್ರೀಡೈವಿಂಗ್ ಅಂದರೆ ಬೆನ್ನಿಗೆ ಸಿಲಿಂಡರ್ ಇಲ್ಲದೆ, ಒಂದೇ ಉಸಿರಿನಲ್ಲಿ ಕೆಳಗೆ ಹೋಗಿ ಬರುವುದು. ತೇಲುವ ಬೋಯ್ ಒಂದಕ್ಕೆ ಹಗ್ಗ ಕಟ್ಟಿ ನೀರಿಗೆ ನೇರ ಇಳಿಬಿಟ್ಟಿರುತ್ತಾರೆ. ಆ ಹಗ್ಗದ ಪಕ್ಕದಲ್ಲೇ ಇಳಿಯುತ್ತೇವೆ, ಅದರ ಪಕ್ಕದಲ್ಲೇ ಹತ್ತುತ್ತೇವೆ.

ನನ್ನ ಉತ್ತರ ಇಷ್ಟೆ: ಅತ್ತೆಯ ಎರಡನೇ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳಿ. ಜೊತೆ ಗಟ್ಟಿಯಾದ ಮೇಲೆ ಟಿಕೆಟ್ ತೆಗೆಯಿರಿ.

ಇದನ್ನು ನಾನು ಕಲಿತದ್ದು ಸಮುದ್ರದಲ್ಲಲ್ಲ, ಮೂಡಿಗೆರೆ ಕಡೆಯ ನಮ್ಮ ತೋಟದ ಕೆರೆಯಲ್ಲಿ. ಮಾರ್ಚ್‌ನಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವ ಹೊತ್ತಿಗೆ ಸರಿಯಾಗಿ ಪಂಪಿನ ಫುಟ್‌ವಾಲ್ವ್‌ಗೆ ಕಸ ಕಟ್ಟಿಕೊಳ್ಳುತ್ತಿತ್ತು. ದೊಡ್ಡಪ್ಪ ಮುಳುಗಿ ಕೈಯಲ್ಲೇ ಕಿತ್ತು ಬರುತ್ತಿದ್ದರು. ಎರಡಾಳು ನೀರು, ಅಷ್ಟೇ. ಆದರೂ ಸೊಂಟಕ್ಕೆ ಹಗ್ಗ ಕಟ್ಟಿ, ಅದರ ತುದಿಯನ್ನು ಅಪ್ಪ ದಡದಲ್ಲಿ ಹಿಡಿದು ನಿಂತ ಮೇಲೇ ಇಳಿಯುತ್ತಿದ್ದರು. ಒಂದು ಸಲ ಅಪ್ಪ ಹಗ್ಗ ಹಿಡಿದುಕೊಂಡೇ ಬೀಡಿ ಹಚ್ಚಲು ಆ ಕಡೆ ತಿರುಗಿದ್ದಕ್ಕೆ ದೊಡ್ಡಪ್ಪ ಮೇಲೆ ಬಂದು ಬೈದ ಬೈಗುಳ ನನಗೆ ಇವತ್ತಿಗೂ ನೆನಪಿದೆ. ಇಲ್ಲಿ ಬರೆಯುವ ಹಾಗಿಲ್ಲ.

ಸಮುದ್ರದಲ್ಲಿ ಹಾಗೆ ಕಾಯುವ ಜೊತೆಗಾರರಿಗೆ ಬಡ್ಡಿ ಅನ್ನುತ್ತಾರೆ, ಇಂಗ್ಲಿಷಿನ buddy, ಸಾಲದ ಬಡ್ಡಿ ಅಲ್ಲ. ಯಾಕೆ ಬೇಕು ಅಂದರೆ, 10 ಮೀಟರ್ ಇಳಿದರೆ ಒತ್ತಡ ಮೇಲಿನದರ ಎರಡರಷ್ಟಾಗುತ್ತದೆ, ಎದೆಯೊಳಗಿನ ಗಾಳಿ ಅರ್ಧಕ್ಕೆ ಕುಗ್ಗುತ್ತದೆ. 20 ಮೀಟರಿಗೆ ಒತ್ತಡ ಮೂರರಷ್ಟು. ಆ ಒತ್ತಡದಲ್ಲಿ, ಉಳಿದಿರುವ ಸ್ವಲ್ಪ ಆಮ್ಲಜನಕವೂ ರಕ್ತಕ್ಕೆ ಚೆನ್ನಾಗಿ ಸೇರುತ್ತಿರುತ್ತದೆ. ಮೇಲೆ ಬರುವಾಗ ಒತ್ತಡ ಇಳಿಯುತ್ತದೆ, ಅದರ ಜೊತೆಗೆ ಆಮ್ಲಜನಕ ಸೇರುವುದೂ ಸರ್ರನೆ ಇಳಿಯುತ್ತದೆ. ಹಾಗಾಗಿ ಪ್ರಜ್ಞೆ ತಪ್ಪುವುದು ತಳದಲ್ಲಿ ಕಡಿಮೆ. ಕೊನೆಯ 10 ಮೀಟರಿನಲ್ಲಿ, ಇಲ್ಲವೇ ತಲೆ ಹೊರಗೆ ಬಂದ ಮೇಲೆ ಜಾಸ್ತಿ. ತಪ್ಪುತ್ತಿದೆ ಅಂತ ಅವರಿಗೇ ಗೊತ್ತಾಗುವುದಿಲ್ಲ. ಇಳಿಯುವ ಮೊದಲು ಬುಸುಬುಸು ಉಸಿರಾಡಿದರೆ ಇನ್ನೂ ಅಪಾಯ. ಉಸಿರು ಬೇಕು ಅಂತ ಮೈ ಒದ್ದಾಡುವುದು ಇಂಗಾಲದ ಡೈಆಕ್ಸೈಡ್ ಹೆಚ್ಚಾದಾಗ. ಅದನ್ನು ಮೊದಲೇ ಊದಿ ಕಳೆದುಕೊಂಡರೆ ಒದ್ದಾಟವೂ ಬರುವುದಿಲ್ಲ, ಎಚ್ಚರಿಕೆಯೂ ಸಿಗುವುದಿಲ್ಲ. ಹೇಮಾವತಿ ಹಿನ್ನೀರಲ್ಲಿ ಒಬ್ಬನೇ ಅಭ್ಯಾಸ ಮಾಡ್ತೀನಿ ಅಂದ ಹಾಸನದ ತಮ್ಮನಿಗೆ ನಾನು ಬೇಡ ಅಂದದ್ದು ಇದಕ್ಕೇ. ಈಜುಕೊಳದಲ್ಲೂ ಒಬ್ಬರೇ ಮಾಡಬಾರದು. ಮನೆಯಲ್ಲಿ ಹಾಸಿಗೆ ಮೇಲೆ ಮಲಗಿ ಉಸಿರು ಕಟ್ಟಿ, ಅದು ಪರವಾಗಿಲ್ಲ.

ಸರಿ, ಜೊತೆ ಎಲ್ಲಿ ಸಿಗುತ್ತಾರೆ? ಮೊದಲ ಸಲ ಹೋಗುವವರಿಗೆ ಸುಲಭ: ಕೋರ್ಸ್ ಮಾಡಿ. ಕಲಿಸಿ ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳಿವೆ: ಐಡಾ, ಎಸ್‌ಎಸ್‌ಐ, ಪಾಡಿ, ಮೊಲ್ಚಾನೋವ್ಸ್, ಯಾವುದಾದರೂ ಸರಿ. ಮೊದಲ ಹಂತಕ್ಕೆ ಎರಡು ಮೂರು ದಿನ. ಅಲ್ಲಿ ಜೊತೆಯವರನ್ನು ಮೇಲೆತ್ತುವುದನ್ನೂ ಕಲಿಸುತ್ತಾರೆ: ಮಾಸ್ಕ್ ತೆಗೆದು, ಮುಖಕ್ಕೆ ಊದಿ, ಕೆನ್ನೆ ತಟ್ಟಿ, ಹೆಸರು ಹಿಡಿದು 'ಉಸಿರಾಡು' ಅನ್ನುವುದು. ನಿಮ್ಮ ಜೊತೆ ಕಲಿತವರೇ ನಿಮ್ಮ ಮೊದಲ ಬಡ್ಡಿ. ಕೋರ್ಸ್ ಮುಗಿಸಿದವರಿಗೆ ಅನೇಕ ಶಾಲೆಗಳು ದಿನದ ಲೆಕ್ಕದಲ್ಲಿ ಹಗ್ಗದ ಅಭ್ಯಾಸಕ್ಕೆ ಸೇರಿಸಿಕೊಳ್ಳುತ್ತವೆ. ಎರಡು ವಾರ ಮೊದಲೇ ವಾಟ್ಸಾಪ್ ಮಾಡಿ, ನಾನು ಇಷ್ಟು ಮೀಟರ್ ಆರಾಮಾಗಿ ಹೋಗ್ತೀನಿ, ಅಷ್ಟೇ ಹೋಗುವವರು ಆ ವಾರ ಯಾರಿದ್ದಾರೆ ಅಂತ ಕೇಳಿ. ಸುಳ್ಳು ಮೀಟರ್ ಹೇಳಬೇಡಿ. 30 ಮೀಟರ್ ಹೋಗುವವರಿಗೆ 12 ಮೀಟರಿನ ಬಡ್ಡಿಯಿಂದ ಪ್ರಯೋಜನ ಇಲ್ಲ.

ಸ್ಕೂಬಾ ಗೆಳೆಯರನ್ನು ಕರೆದುಕೊಂಡು ಹೋಗ್ತೀವಿ ಅನ್ನುತ್ತಾರೆ ಕೆಲವರು. ಆಗಲ್ಲ. ಸಿಲಿಂಡರಿನಲ್ಲಿ ಉಸಿರಾಡುವವರು ನಿಧಾನಕ್ಕೆ ಮೇಲೆ ಬರಬೇಕು, ನಿಮ್ಮ ವೇಗಕ್ಕೆ ಬರುವ ಹಾಗಿಲ್ಲ. ನೀವೇ ಸ್ಕೂಬಾ ಮಾಡಿದ್ದರೂ ಒಂದು ದಿನ ಬಿಟ್ಟೇ ಫ್ರೀಡೈವಿಂಗ್‌ಗೆ ಇಳಿಯಬೇಕು.

ಹೊಸಬರು ಜೊತೆಗೆ ಸಿಕ್ಕರೆ ನಾನು ಕೇಳುವುದು ಒಂದೇ ಪ್ರಶ್ನೆ: "ನಾನು ಮೇಲೆ ಬಂದ ಮೇಲೆ ನೀವು ಏನು ಮಾಡ್ತೀರಿ?" 'ಹೈ ಫೈವ್ ಕೊಡ್ತೀನಿ' ಅಂದರೆ ಅಲ್ಲಿಗೆ ಮುಗಿಯಿತು. ಒಂದು ಸಲ ಹಾಗೆ ಕೇಳದೆ ಇಳಿದು ಅನುಭವಿಸಿದ್ದೇನೆ. 16 ಮೀಟರಿನಿಂದ ಬರುತ್ತಾ ಮೇಲೆ ನೋಡಿದರೆ ಬೋಯ್ ಪಕ್ಕ ಎರಡು ಕಾಲು ಮಾತ್ರ, ತಲೆ ನೀರಿನ ಹೊರಗೆ. ಪುಣ್ಯಾತ್ಮ ಕ್ಯಾಮೆರಾದ ಬ್ಯಾಟರಿ ಬದಲಾಯಿಸುತ್ತಿದ್ದ. ನನಗೇನೂ ಆಗಲಿಲ್ಲ, ಆದರೆ ದೊಡ್ಡಪ್ಪನ ಬೈಗುಳ ಪೂರ್ತಿ ಬಾಯಿಗೆ ಬಂತು. ಅವನಿಗೆ ಕನ್ನಡ ಬರುತ್ತಿರಲಿಲ್ಲ, ಒಳ್ಳೆಯದಾಯಿತು. ಬಡ್ಡಿ ಆದವರು ಮುಖ ನೀರಿನಲ್ಲೇ ಇಟ್ಟು ನೋಡುತ್ತಿರಬೇಕು. ನೀವು ಬರುವಾಗ ಒಂದಷ್ಟು ಮೀಟರ್ ಇಳಿದು ಎದುರಾಗಿ, ಮುಖಕ್ಕೆ ಮುಖ ಕೊಟ್ಟು ಜೊತೆಯಲ್ಲೇ ಹತ್ತಬೇಕು. ಹೊರಗೆ ಬಂದ ಮೇಲೂ 30 ಸೆಕೆಂಡ್ ಕಣ್ಣು ತೆಗೆಯಬಾರದು. ಆಮೇಲೆ ಅವರ ಸರದಿ, ನಿಮ್ಮ ಕಾವಲು.

ಇನ್ನು ಜಾಗ. ನನ್ನ ಓಟು ಬಾಲಿಯ ಆಮೆಡ್‌ಗೆ. ಜೆಮೆಲುಕ್ ಕೊಲ್ಲಿಯಲ್ಲಿ ಕಪ್ಪು ಮರಳಿನ ದಡದಿಂದಲೇ ಈಜಿ ಹೋಗಬಹುದು, ಸ್ವಲ್ಪ ದೂರಕ್ಕೇ ಆಳ ಸಿಗುತ್ತದೆ. ದೋಣಿಯ ಖರ್ಚು ಉಳಿಯಿತು. ಊರ ತುಂಬಾ ಫ್ರೀಡೈವಿಂಗ್ ಶಾಲೆಗಳು, ಹಾಗಾಗಿ ಜೊತೆಗೆ ಬರಗಾಲ ಇಲ್ಲ. ಪಕ್ಕದ ತುಲಂಬೆನ್‌ನಲ್ಲಿ ಲಿಬರ್ಟಿ ಅನ್ನುವ ಅಮೆರಿಕದ ಹಡಗು ಮುಳುಗಿದೆ. 1942ರಲ್ಲಿ ಜಪಾನಿನ ಟಾರ್ಪೆಡೊ ಬಿದ್ದು ದಡಕ್ಕೆ ಎಳೆದು ತಂದಿದ್ದರಂತೆ, 1963ರಲ್ಲಿ ಅಗುಂಗ್ ಜ್ವಾಲಾಮುಖಿ ಸಿಡಿದಾಗ ನೀರಿಗೆ ಜಾರಿತು. ಅದರ ಮೇಲ್ಭಾಗ ನಾಲ್ಕೈದು ಮೀಟರಿನಲ್ಲೇ ಕಾಣುತ್ತದೆ.

ನಮ್ಮವರಿಗೆ ಇನ್ನೊಂದು ಅನುಕೂಲ ಇದೆ. ಜುಲೈ, ಆಗಸ್ಟ್‌ನಲ್ಲಿ ನಮ್ಮಲ್ಲಿ ಮಳೆ ಹಿಡಿದು ಕೂತಾಗ ಅಲ್ಲಿ ಒಣ ಹವೆ. ಮಳೆಗೆ ಮೊದಲಿನ ಬೋರ್ಡೋ ಔಷಧಿ ಹೊಡೆದು ಮುಗಿದಿರುತ್ತದೆ, ಹಣ್ಣು ಕೊಯ್ಲು ಇನ್ನೂ ದೂರ. ತೋಟದವರಿಗೆ ಮನೆಯಲ್ಲಿ ಕೇಳಿ ಹೊರಡಲು ಅದೇ ಸಮಯ. ಅಂಡಮಾನಿನ ಸ್ವರಾಜ್ ದ್ವೀಪ, ನಮ್ಮ ಹಳೆಯ ಹ್ಯಾವ್‌ಲಾಕ್, ಚೆನ್ನಾಗಿದೆ. ಆದರೆ ಅದರ ಒಳ್ಳೆ ಕಾಲ ಡಿಸೆಂಬರಿನಿಂದ ಏಪ್ರಿಲ್, ನಮಗೆ ಸರಿಯಾಗಿ ಕೊಯ್ಲು ಮತ್ತು ಹೂವಿನ ಕಾಲ. ಥೈಲ್ಯಾಂಡಿನ ಕೊ ತಾವೋ ಕೂಡ ಕಲಿಯಲು ಒಳ್ಳೆಯದು, ನವೆಂಬರ್ ಬಿಟ್ಟು ಹೋಗಿ, ಆಗ ಅಲ್ಲಿ ಮಳೆ. ಲಕ್ಷದ್ವೀಪಕ್ಕೆ ಪರ್ಮಿಟ್ ಬೇಕು, ಹೊಸಬರಿಗೆ ಜೊತೆ ಸಿಗುವುದು ಕಷ್ಟ.

"ನೇತ್ರಾಣಿ ಹತ್ತಿರ ಅಲ್ವಾ ಅಕ್ಕ?" ಹತ್ತಿರವೇ. ಮುರುಡೇಶ್ವರದಿಂದ ದೋಣಿ. ಆದರೆ ಆ ದೋಣಿಗಳು ಸ್ಕೂಬಾದವರಿಗಾಗಿ ಹೊರಡುವುದು, ಮಳೆಗಾಲದಲ್ಲಿ ಬಂದ್. ಹಗ್ಗ, ಬೋಯ್, ಬಡ್ಡಿ ಎಲ್ಲ ನಿಮ್ಮದೇ ಇದ್ದರೆ ಮೊದಲೇ ಕೇಳಿ ನೋಡಬಹುದು. ಸುಮ್ನೆ ದೋಣಿ ಹತ್ತಿ ಅಲ್ಲಿ ಹೋಗಿ ಮುಳುಗುವ ಯೋಚನೆ ಬೇಡ.

ಮಲೆನಾಡಿನವರಿಗೆ ಒಂದು ಮಾತು, ನೆಗಡಿ ಹೊತ್ತುಕೊಂಡು ಹೋಗಬೇಡಿ. ಮೂಗು ಕಟ್ಟಿದ್ದರೆ ಕಿವಿಯ ಒತ್ತಡ ಸರಿ ಮಾಡಲು ಆಗುವುದಿಲ್ಲ, ಬಲವಂತ ಮಾಡಿದರೆ ಕಿವಿಯ ತಮಟೆಗೆ ಪೆಟ್ಟು. ಒಂದು ವರ್ಷ ಜುಲೈ ಮಳೆಯಲ್ಲಿ ನೆಂದು ಹೋಗಿ, ಆಮೆಡ್‌ನಲ್ಲಿ ಮೂರು ದಿನ ದಡದಲ್ಲಿ ಕೂತು ಶುಂಠಿ ಟೀ ಕುಡಿದಿದ್ದೇನೆ.

ಆದರೆ ಆ ಮೂರು ದಿನ ದಡದಲ್ಲಿ ಕೂತಿದ್ದಕ್ಕೇ ನನಗೆ ಒಳ್ಳೆಯ ಜೊತೆ ಸಿಕ್ಕಿದ್ದು. ಕೊಯಮತ್ತೂರಿನ ಹಲ್ಲಿನ ಡಾಕ್ಟರ್ ಒಬ್ಬಳು, ಅವಳಿಗೂ ನೆಗಡಿ. ನಾಲ್ಕನೇ ದಿನ ನೀರಿಗಿಳಿಯುವಾಗ ನಾನು ಕೇಳುವ ಮೊದಲು ಅವಳೇ ಕೇಳಿದಳು, ನಾನು ಮೇಲೆ ಬಂದ ಮೇಲೆ ನೀನು ಏನು ಮಾಡ್ತೀಯ ಅಂತ. ಈಗ ಇಬ್ಬರೂ ಒಂದೇ ವಾರ ರಜೆ ಹಾಕುತ್ತೇವೆ. ಈ ಸಲ ಅವಳ ಕ್ಲಿನಿಕ್‌ನ ತಾರೀಖು ಇನ್ನೂ ಪಕ್ಕಾ ಆಗಿಲ್ಲ, ಹಾಗಾಗಿ ನನ್ನ ಟಿಕೆಟ್ಟೂ ಆಗಿಲ್ಲ. ಎರಡು ಕೆಜಿ ಕಾಫಿಪುಡಿ ಮಾತ್ರ ತೆಗೆದಿಟ್ಟಿದ್ದೇನೆ, ಚಿಕೋರಿ ಹಾಕದೆ. ಹಾಕಿದರೆ ಅವಳು ಬೈಯುತ್ತಾಳೆ.