ಬರಿಹೊಟ್ಟೆಯ ದೂರದ ಓಟ ಮತ್ತು ನಿಂತುಹೋದ ಮುಟ್ಟು

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ತಂಗಿಯ ಮಗಳು ಮೊಣಕಾಲ ಕೆಳಗಿನ ನೋವು ತಾಳಲಾರದೆ ಓಟ ನಿಲ್ಲಿಸಿದಳು. ಸ್ಕ್ಯಾನಿನಲ್ಲಿ ಮೂಳೆಗೆ ಕೂದಲೆಳೆಯಷ್ಟು ಸೀಳು ಬಿದ್ದದ್ದು ಕಂಡಿತು. ಇಪ್ಪತ್ತೊಂದು ವರ್ಷದ ಅವಳು ಬೆಳಗಿನ ಐದೂವರೆಗೆ ಹಾಲಿಲ್ಲದ ಬೆಲ್ಲದ ಕಾಫಿ ಒಂದು ಲೋಟ ಕುಡಿದು, ಮಡಿಕೇರಿಯ ಏರಿಳಿತದ ರಸ್ತೆಗಳಲ್ಲಿ ಮಂಜಿನ ನಡುವೆ 15 ಕಿ.ಮೀ. ಓಡಿ ಬರುತ್ತಿದ್ದಳು. ಅವಳ ಅಭ್ಯಾಸದ ಪುಸ್ತಕದಲ್ಲಿ ದೂರ, ಸಮಯ, ನಾಡಿಬಡಿತ ಎಲ್ಲವೂ ಅಚ್ಚುಕಟ್ಟಾಗಿದ್ದವು. ಮುಟ್ಟಿನ ದಿನಾಂಕ ಮಾತ್ರ ಎಲ್ಲಿಯೂ ಇರಲಿಲ್ಲ. ವಿಚಾರಿಸಿದಾಗ, "ಐದು ತಿಂಗಳಾಯ್ತು ದೊಡ್ಡಮ್ಮ. ಅಭ್ಯಾಸ ಚೆನ್ನಾಗಿ ಆಗ್ತಿದ್ರೆ ಹಾಗೇ ಅಂತ ಕೋಚ್ ಹೇಳಿದ್ದಾರೆ" ಎಂದಳು.

ಆ ಮಾತು ತಪ್ಪು, ಮತ್ತು ಅಪಾಯಕಾರಿ.

ದೀರ್ಘ ಓಟದಲ್ಲಿ ಹಾರ್ಮೋನುಗಳು ಏರುಪೇರಾಗುವುದು ಸಹಜವೇ. ಇನ್ಸುಲಿನ್ ಇಳಿದು, ಅಡ್ರಿನಲಿನ್ ಮತ್ತು ಗ್ಲುಕಗಾನ್ ಏರುವುದರಿಂದಲೇ ಯಕೃತ್ತು ಸಕ್ಕರೆಯನ್ನೂ ಕೊಬ್ಬಿನ ಕೋಶಗಳು ಕೊಬ್ಬಿನಾಮ್ಲವನ್ನೂ ರಕ್ತಕ್ಕೆ ಬಿಟ್ಟುಕೊಡುತ್ತವೆ. ಓಟ ಗಂಟೆಗಟ್ಟಲೆ ಸಾಗಿದಂತೆ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಏರುತ್ತದೆ. ಪುರುಷರಲ್ಲಿ ಆರಂಭಕ್ಕೆ ತುಸು ಏರಿದ ಟೆಸ್ಟೊಸ್ಟಿರಾನ್ 42.195 ಕಿ.ಮೀ.ನ ಮ್ಯಾರಥಾನ್ ಮುಗಿಯುವಷ್ಟರಲ್ಲಿ ಸಾಮಾನ್ಯವಾಗಿ ಕುಸಿದಿರುತ್ತದೆ. ಹೊಟ್ಟೆತುಂಬ ಊಟ ಮತ್ತು ನಿದ್ದೆ ಸಿಕ್ಕಿದರೆ ಕೆಲವು ದಿನಗಳಲ್ಲಿ ಇವೆಲ್ಲ ಹಿಂದಿನ ಮಟ್ಟಕ್ಕೆ ಮರಳುತ್ತವೆ. ಕಾರ್ಟಿಸಾಲನ್ನು ಶತ್ರುವೆಂದು ಬಿಂಬಿಸುವವರನ್ನು ನಾನು ಒಪ್ಪುವುದಿಲ್ಲ, ಅದಿಲ್ಲದೆ ಯಾರೂ ದೂರ ಓಡಲಾರರು.

ಕೆಡುಕಾಗುವುದು ಓಟಕ್ಕೆ ತಕ್ಕ ಊಟದ ಕೊರತೆ ತಿಂಗಳುಗಟ್ಟಲೆ ಮುಂದುವರಿದಾಗ. ಓಟಕ್ಕೆ ಖರ್ಚಾದದ್ದನ್ನು ಕಳೆದ ಮೇಲೆ, ಕೊಬ್ಬಲ್ಲದ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 45 ಕಿಲೋಕ್ಯಾಲರಿ ಉಳಿದರೆ ದೇಹದ ಕೆಲಸಗಳು ಸರಾಗವಾಗಿ ನಡೆಯುತ್ತವೆ. ಅದು 30ಕ್ಕಿಂತ ಕೆಳಗಿಳಿದಾಗ ಅನೇಕ ಮಹಿಳೆಯರಲ್ಲಿ, ಮಿದುಳಿನ ಹೈಪೊಥಲಾಮಸ್ ಪಿಟ್ಯುಟರಿ ಗ್ರಂಥಿಗೆ ಮಿಡಿತ ಮಿಡಿತವಾಗಿ ಕಳುಹಿಸುವ ಸಂದೇಶ ನಿಧಾನವಾಗುತ್ತದೆ. ಅಂಡಾಶಯಕ್ಕೆ ಪ್ರಚೋದನೆ ಸಿಗದೆ ಈಸ್ಟ್ರೋಜನ್ ಇಳಿಯುತ್ತದೆ, ಮುಟ್ಟು ನಿಲ್ಲುತ್ತದೆ, ಈಸ್ಟ್ರೋಜನ್ನಿನ ಕಾವಲಿಲ್ಲದ ಮೂಳೆ ಸವೆಯತೊಡಗುತ್ತದೆ. ಕೊಬ್ಬಿನ ಕೋಶಗಳ ಲೆಪ್ಟಿನ್ ಮತ್ತು ಥೈರಾಯ್ಡಿನ ಟಿ3 ಎಂಬ ಹಾರ್ಮೋನುಗಳೂ ತಗ್ಗುತ್ತವೆ.

ನಮ್ಮ ಹುಡುಗಿಯ ಲೆಕ್ಕವನ್ನು ಅಡುಗೆಮನೆಯ ಮೇಜಿನ ಮೇಲೆಯೇ ಹಾಕಿದೆವು. 45 ಕಿಲೋ ತೂಕದಲ್ಲಿ ಕೊಬ್ಬಲ್ಲದ್ದು ಅಂದಾಜು 38 ಕಿಲೋ. ಅದಕ್ಕೆ ಕಿಲೋಗೆ 45ರಂತೆ 1,710 ಕಿಲೋಕ್ಯಾಲರಿ, ಓಟಕ್ಕೆ ಸುಮಾರು 675, ಒಟ್ಟು 2,385. ಅವಳು ತಿನ್ನುತ್ತಿದ್ದದ್ದು 1,500ನ್ನೂ ದಾಟುತ್ತಿರಲಿಲ್ಲ. ಓಡಿ ಬಂದ ಮೇಲೆ ಹಸಿವೇ ಆಗುವುದಿಲ್ಲವೆಂದು ಎರಡು ಕಡಂಬುಟ್ಟಿಗೆ ಕೈತೊಳೆಯುತ್ತಿದ್ದವಳು ಅವಳು.

ಇದು ಹೆಣ್ಣುಮಕ್ಕಳಿಗಷ್ಟೇ ಸೀಮಿತವಲ್ಲ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಶಕ್ತಿಕೊರತೆಗೆ ಹೊಸ ಹೆಸರು ಕೊಟ್ಟಾಗ ಪುರುಷರನ್ನೂ ಸೇರಿಸಿತು. ವರ್ಷಗಟ್ಟಲೆ ದೂರ ಓಡುವ ಕೆಲವು ಗಂಡಸರಲ್ಲಿ ವಿಶ್ರಾಂತಿಯಲ್ಲಿದ್ದಾಗಿನ ಟೆಸ್ಟೊಸ್ಟಿರಾನ್ ಮಟ್ಟವೇ ತಗ್ಗಿರುತ್ತದೆ. ಮುಟ್ಟಿನಂಥ ಸೂಚನೆ ಇಲ್ಲದ ಕಾರಣ ಅದು ಬೇಗ ಗಮನಕ್ಕೆ ಬರುವುದಿಲ್ಲ.

ಮೂರು ತಿಂಗಳು ಮುಟ್ಟು ತಪ್ಪಿದರೆ ವೈದ್ಯರನ್ನು ಕಾಣಬೇಕು. ಗರ್ಭ, ಥೈರಾಯ್ಡ್, ಎದೆಹಾಲಿನ ಹಾರ್ಮೋನಾದ ಪ್ರೊಲ್ಯಾಕ್ಟಿನ್ ಮೊದಲಾದ ಬೇರೆ ಕಾರಣಗಳನ್ನು ಅವರು ಪರೀಕ್ಷಿಸಿಯೇ ತೀರ್ಮಾನಿಸಬೇಕು. ಗರ್ಭನಿರೋಧಕ ಮಾತ್ರೆಯಿಂದ ತಿಂಗಳಿಗೊಮ್ಮೆ ರಕ್ತಸ್ರಾವವಾದೀತು, ಆದರೆ ಅದು ದೇಹದ ಸ್ವಂತ ಚಕ್ರ ಮರಳಿದ ಗುರುತಲ್ಲ.

ಈಗ ಅವಳು ಓಡುವ ಮೊದಲು ಬಾಳೆಹಣ್ಣು, ಬಂದ ಅರ್ಧ ಗಂಟೆಯೊಳಗೆ ಅಕ್ಕಿರೊಟ್ಟಿ ಮತ್ತು ಮೊಟ್ಟೆ ತಿನ್ನುತ್ತಾಳೆ. ನಾಲ್ಕನೆಯ ತಿಂಗಳಿಗೆ ಮುಟ್ಟು ಮರಳಿತು. ಮೂಳೆ ಚೇತರಿಸಿಕೊಳ್ಳಲು ಇನ್ನೂ ಹೆಚ್ಚು ಕಾಲ ಬೇಕಾದ್ದರಿಂದ, ಸದ್ಯಕ್ಕೆ ವೈದ್ಯರು ಒಪ್ಪಿದ 6 ಕಿ.ಮೀ. ಮಾತ್ರ, ಅದೂ ಸಮತಟ್ಟಾದ ಮೈದಾನದಲ್ಲಿ.