ವೇಗಸ್‌ನಿಂದ ಝಯಾನ್ ಕಡೆ ಹೊರಟಿದ್ದೀರಾ? ಕಾರಿನ ಲೈಟನ್ನು ‘ಆಟೋ’ಗೆ ಬಿಡಬೇಡಿ

ಹೋದ ಆಗಸ್ಟ್‌ನಲ್ಲಿ ಅಪ್ಪ ಅಮ್ಮ ಹಾಸನದಿಂದ ಬಂದಿದ್ದರು. ಅವರನ್ನು ಕರೆದುಕೊಂಡು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಿಂದ ಲಾಸ್ ವೇಗಸ್, ಯೂಟಾದ ಝಯಾನ್ ರಾಷ್ಟ್ರೀಯ ಉದ್ಯಾನ, ಅರಿಜೋನಾದ ಪೇಜ್ ಊರು, ಗ್ರ್ಯಾಂಡ್ ಕ್ಯಾನ್ಯನ್ ಸುತ್ತಿ ಬಂದೆವು. ಎಂಟು ದಿನ, ಆರು ಜನ, ಏಳು ಸೀಟಿನ ಬಾಡಿಗೆ ವ್ಯಾನ್. ಎಲ್ಲಿ ಉಳಿಯಬೇಕು, ಎಲ್ಲಿ ನಮ್ಮ ಊಟ ಸಿಗುತ್ತೆ ಅನ್ನೋದನ್ನು ತುಂಬಾ ಜನ ಬರೆದಿದ್ದಾರೆ. ನಾನು ಬರೆಯುತ್ತಿರುವುದು ಗಾಡಿಯ ದೀಪಗಳ ಬಗ್ಗೆ. ಈ ಸುತ್ತಿನಲ್ಲಿ ಕ್ಯಾಲಿಫೋರ್ನಿಯಾ, ನೆವಾಡಾ, ಅರಿಜೋನಾ, ಯೂಟಾ ಎಂದು ನಾಲ್ಕು ರಾಜ್ಯ ಸಿಗುತ್ತವೆ. ದೀಪ ಹೇಗಿರಬೇಕು ಅನ್ನೋದಕ್ಕೆ ಇಡೀ ಅಮೆರಿಕಕ್ಕೆ ಒಂದೇ ನಿಯಮ. ಆದರೆ ಅದನ್ನು ಯಾವಾಗ ಹಾಕಬೇಕು, ಯಾವಾಗ ಡಿಮ್ ಮಾಡಬೇಕು ಅನ್ನೋದನ್ನು ಆಯಾ ರಾಜ್ಯವೇ ತೀರ್ಮಾನ ಮಾಡುತ್ತೆ.

ವೇಗಸ್‌ನಿಂದ ಐ-15 ಹೆದ್ದಾರಿಯಲ್ಲಿ ಝಯಾನ್ ಕಡೆ ಹೋಗುವವರು ಇದನ್ನು ಗಮನಿಸಿ. ಸುಮಾರು 80 ಮೈಲಿ ಆದ ಮೇಲೆ ಮೆಸ್ಕೀಟ್ ಅನ್ನೋ ಊರು. ಅಲ್ಲಿಗೆ ನೆವಾಡಾ ಮುಗಿಯಿತು. ಆಮೇಲೆ ಮೂವತ್ತು ಮೈಲಿಯಷ್ಟು ಅರಿಜೋನಾದ ಮೂಲೆ. ವರ್ಜಿನ್ ನದಿ ಕೊರೆದ ಕಮರಿಯೊಳಗೆ ರಸ್ತೆ ಬಳಸಿ ಬಳಸಿ ಹೋಗುತ್ತೆ. ಅದು ದಾಟಿದರೆ ಯೂಟಾ. ಅಂದರೆ ಒಂದೇ ಸಂಜೆ, ಒಂದು ಗಂಟೆಯೊಳಗೆ, ಮೂರು ರಾಜ್ಯದ ಕಾನೂನು.

ನಾವು ಹೊರಡುವಾಗ ಐದೂವರೆ ಆಗಿತ್ತು. ತಡ ಮಾಡಿದ್ದು ನಮ್ಮದೇ ತಪ್ಪು. ಮೆಸ್ಕೀಟ್‌ನಲ್ಲಿ ಪೆಟ್ರೋಲ್ ಹಾಕಿಸಿ, ವ್ಯಾನನ್ನು ಪಕ್ಕಕ್ಕೆ ತಂದು ಇಂಜಿನ್ ಚಾಲೂ ಇಟ್ಟುಕೊಂಡು ಮಕ್ಕಳಿಗಾಗಿ ಕಾಯುತ್ತಿದ್ದೆ. ಸಣ್ಣಗೆ ಮಳೆ ಶುರುವಾಯಿತು, ಮೋಡ ಕಟ್ಟಿ ಬೆಳಕು ಮಂಕಾಗಿತ್ತು. ಅಪ್ಪ ಮೂವತ್ತು ವರ್ಷ ಶಿರಾಡಿ ಘಾಟಿಯಲ್ಲಿ ಬಸ್ ಓಡಿಸಿದವರು. ಹೊರಡುವ ಮುಂಚೆ ಗಾಡಿ ಸುತ್ತ ಒಂದು ಸುತ್ತು ಬರೋದು ಅವರ ಅಭ್ಯಾಸ. ಹಿಂದಿನಿಂದ ಕೂಗಿದರು, “ಲೋ, ಮುಂದೆ ಲೈಟ್ ಉರೀತಿದೆ, ಹಿಂದೆ ಕತ್ತಲೆ! ಒಂದು ಮಿಣುಕೂ ಇಲ್ವಲ್ಲೋ!”

ಇಳಿದು ನೋಡಿದೆ. ನಿಜ. ಮುಂದೆ ಉರಿಯುತ್ತಿದ್ದುದು ಹಗಲು ದೀಪ ಮಾತ್ರ. ಈಗಿನ ತುಂಬಾ ಗಾಡಿಗಳಲ್ಲಿ ಅದು ತಾನಾಗಿಯೇ ಉರಿಯುತ್ತೆ, ಆದರೆ ಹಿಂದಿನ ಕೆಂಪು ದೀಪ ಹತ್ತುವುದಿಲ್ಲ. ಒಳಗೆ ಡ್ಯಾಶ್‌ಬೋರ್ಡ್ ಬೇರೆ ಫಳಫಳ ಹೊಳೆಯುತ್ತಿರುತ್ತೆ. ಹಾಗಾಗಿ ಎಲ್ಲಾ ಲೈಟೂ ಹತ್ತಿವೆ ಅಂದುಕೊಳ್ಳುತ್ತೇವೆ. ಲೈಟಿನ ಸ್ವಿಚ್ ‘ಆಟೋ’ದಲ್ಲಿತ್ತು, ಅಂದರೆ ಕತ್ತಲಾದರೆ ಹೆಡ್‌ಲೈಟ್ ತಾನಾಗಿಯೇ ಹತ್ತುವ ಹಾಗೆ. ಅದು ನೋಡುವುದು ಬೆಳಕು ಎಷ್ಟಿದೆ ಅಂತ ಮಾತ್ರ. ಮಳೆ, ಮಂಜು, ಧೂಳು ಬಹಳ ಗಾಡಿಗಳಲ್ಲಿ ಅದಕ್ಕೆ ಗೊತ್ತಾಗುವುದಿಲ್ಲ. ಗಂಟೆಗೆ 75 ಮೈಲಿಯಲ್ಲಿ ಬರುವ ಟ್ರಕ್‌ನವರಿಗೆ ಮಳೆಯಲ್ಲಿ ಬೂದು ಬಣ್ಣದ ವ್ಯಾನ್ ಹೇಗೆ ಕಾಣಬೇಕು? ಅಪ್ಪ ಅವತ್ತು ನೋಡದೇ ಇದ್ದಿದ್ದರೆ ನಾನು ಹಾಗೇ ಆ ಕಮರಿಯೊಳಗೆ ಹೋಗುತ್ತಿದ್ದೆ. ಈಗಲೂ ನೆನೆಸಿಕೊಂಡರೆ ಎದೆ ಝಲ್ ಅನ್ನುತ್ತೆ.

ಈಗ ಕಾನೂನು. ಕ್ಯಾಲಿಫೋರ್ನಿಯಾ, ನೆವಾಡಾ, ಯೂಟಾ ಮೂರರಲ್ಲೂ ಸೂರ್ಯ ಮುಳುಗಿ ಅರ್ಧ ಗಂಟೆಯಿಂದ ಹಿಡಿದು, ಸೂರ್ಯ ಹುಟ್ಟುವುದಕ್ಕೆ ಅರ್ಧ ಗಂಟೆ ಇರುವವರೆಗೆ ಹೆಡ್‌ಲೈಟ್ ಬೇಕು. ಉಳಿದ ಹೊತ್ತಿನಲ್ಲೂ 1000 ಅಡಿ, ಅಂದರೆ ಸುಮಾರು 300 ಮೀಟರ್ ದೂರದ ಮನುಷ್ಯ ಅಥವಾ ಗಾಡಿ ಸ್ಪಷ್ಟವಾಗಿ ಕಾಣದಿದ್ದರೆ ಹಾಕಲೇಬೇಕು. ಅರಿಜೋನಾದಲ್ಲಿ ಆ ಅರ್ಧ ಗಂಟೆಯ ರಿಯಾಯಿತಿ ಇಲ್ಲ. ಸೂರ್ಯ ಮುಳುಗಿದ ಕೂಡಲೇ ಲೈಟ್. ದೂರದ ಲೆಕ್ಕ ಮಾತ್ರ ಅಲ್ಲಿ 500 ಅಡಿ. ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ನಿಯಮ ಸೇರಿಸಿಕೊಳ್ಳಿ. ಮಳೆಗೆ ವೈಪರ್ ಒಂದೇ ಸಮನೆ ಓಡುತ್ತಿರಬೇಕಾದ ಪರಿಸ್ಥಿತಿ ಇದ್ದರೆ ಹಗಲಾದರೂ ಹೆಡ್‌ಲೈಟ್ ಬೇಕು. ಬರೀ ಪಾರ್ಕಿಂಗ್ ಲೈಟ್ ಹಾಕಿಕೊಂಡು ಓಡಿಸುವುದೂ ಅಲ್ಲಿ ತಪ್ಪು. ಫಾಗ್ ಲೈಟ್ ಇದೆಯಲ್ಲ ಅಂತ ಹೆಡ್‌ಲೈಟ್ ಆರಿಸುವ ಹಾಗೂ ಇಲ್ಲ.

ಇಷ್ಟೆಲ್ಲ ನೆನಪಿಟ್ಟುಕೊಳ್ಳೋದು ಕಷ್ಟ ಅಲ್ವಾ? ನಾವು ಮಾಡಿದ್ದು ಸುಲಭದ ಕೆಲಸ. ಮೆಸ್ಕೀಟ್‌ನಿಂದ ಮುಂದೆ ಹಗಲು ರಾತ್ರಿ ಎನ್ನದೆ ಹೆಡ್‌ಲೈಟನ್ನು ಕೈಯಿಂದಲೇ ಹಾಕಿದೆವು, ಲೋ ಬೀಮ್‌ನಲ್ಲಿ. ಅಮ್ಮ ಕೇಳಿದರು, “ಹಗಲಲ್ಲೂ ಯಾಕಪ್ಪಾ?” ಅಪ್ಪನೇ ಉತ್ತರ ಕೊಟ್ಟರು, “ನಮ್ಮಲ್ಲೂ ಹೊಸ ಬೈಕ್‌ಗಳಿಗೆ 2017ರಿಂದ ಹಾಗೇ ಅಲ್ವೇನೇ. ನಾವು ನೋಡೋಕಲ್ಲ, ಬೇರೆಯವರಿಗೆ ನಾವು ಕಾಣಲಿ ಅಂತ.”

ಗಡಿಯಾರ ನೋಡಿಕೊಂಡು ಸೂರ್ಯಾಸ್ತದ ಲೆಕ್ಕ ಹಾಕಲು ಮಾತ್ರ ಹೋಗಬೇಡಿ. ಬೇಸಿಗೆಯಲ್ಲಿ ಯೂಟಾದ ಗಡಿಯಾರ ಉಳಿದ ಮೂರು ರಾಜ್ಯಕ್ಕಿಂತ ಒಂದು ಗಂಟೆ ಮುಂದೆ. ಬೇಸಿಗೆ ಬಂತೆಂದು ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿ ಅರಿಜೋನಾದಲ್ಲಿ ಇಲ್ಲ, ಆದರೆ ಅದರೊಳಗೇ ಇರುವ ನವಾಹೋ ಮೂಲನಿವಾಸಿಗಳ ನಾಡಿನಲ್ಲಿ ಇದೆ. ಪೇಜ್‌ನಿಂದ ಗ್ರ್ಯಾಂಡ್ ಕ್ಯಾನ್ಯನ್‌ಗೆ ಹೋಗುವಾಗ ಫೋನಿನ ಸಮಯ ಮುಂದೆ ಹೋಗಿ ಮತ್ತೆ ಹಿಂದೆ ಬಂತು. ಆಕಾಶ ನೋಡಿ, ಸಾಕು. ಕಮರಿಗಳಲ್ಲಂತೂ ಬಂಡೆ ಅಡ್ಡ ಬಂದು ಬೇಗ ಕತ್ತಲಾಗುತ್ತೆ.

ಝಯಾನ್‌ನ ಪೂರ್ವ ಬಾಗಿಲ ಕಡೆ ಹೋದರೆ 1930ರಲ್ಲಿ ತೆರೆದ ಸುರಂಗ ಸಿಗುತ್ತೆ, 1.1 ಮೈಲಿ ಉದ್ದ. ಒಳಗೆ ದೀಪ ಇಲ್ಲ. ಬಂಡೆಯಲ್ಲಿ ಕೊರೆದ ಕೆಲವು ಕಿಂಡಿಗಳಿಂದ ಬೆಳಕು ಬೀಳುತ್ತೆ, ಅಷ್ಟೇ. ಬಿಸಿಲಿನಿಂದ ಒಮ್ಮೆಲೇ ಒಳಗೆ ಹೋದಾಗ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಕಪ್ಪು ಕನ್ನಡಕ ತೆಗೆದು, ಹೆಡ್‌ಲೈಟ್ ಹಾಕಿಯೇ ಒಳಗೆ ಹೋಗಿ. ಘಾಟಿಯ ಮಂಜಿನಲ್ಲಿ ಮಾಡುವ ಹಾಗೆ ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಓಡಿಸಬೇಡಿ. ಹಿಂದಿನವರಿಗೆ ನೀವು ನಿಂತಿದ್ದೀರೋ ಹೋಗುತ್ತಿದ್ದೀರೋ ತಿಳಿಯುವುದಿಲ್ಲ. ಅಂದ ಹಾಗೆ, ಇಲ್ಲಿ ಕೆಲವು ಗಾಡಿಗಳ ಹಿಂದಿನ ಇಂಡಿಕೇಟರ್ ಕೂಡ ಕೆಂಪು. ಕಾನೂನಿನಲ್ಲಿ ಅದಕ್ಕೆ ಅವಕಾಶ ಇದೆ. ಊರಿಂದ ಹೊಸದಾಗಿ ಬಂದವರು ಅದನ್ನು ಬ್ರೇಕ್ ಲೈಟ್ ಅಂದುಕೊಳ್ಳುತ್ತಾರೆ. ಅಪ್ಪನಿಗೂ ಮೊದಲ ದಿನವೆಲ್ಲ ಹಾಗೇ ಆಯಿತು.

ಗ್ರ್ಯಾಂಡ್ ಕ್ಯಾನ್ಯನ್ ಸುತ್ತಲಿನ ರಸ್ತೆಗಳಲ್ಲಿ ಬೀದಿದೀಪ ಇಲ್ಲ, ಎಲ್ಕ್ ಜಿಂಕೆಗಳು ದಿಢೀರನೆ ಅಡ್ಡ ಬರುತ್ತವೆ. ಅಲ್ಲಿ ಹೈ ಬೀಮ್ ಬೇಕೇ ಬೇಕು. ಎದುರಿನಿಂದ ಗಾಡಿ ಬಂದರೆ 500 ಅಡಿ ಇರುವಾಗಲೇ ಡಿಮ್ ಮಾಡಬೇಕು, ಇದು ನಾಲ್ಕು ರಾಜ್ಯಕ್ಕೂ ಒಂದೇ. ಮುಂದೆ ಹೋಗುವ ಗಾಡಿಯ ಹಿಂದೆ ಇದ್ದರೆ ಅರಿಜೋನಾದಲ್ಲಿ 200 ಅಡಿ, ಕ್ಯಾಲಿಫೋರ್ನಿಯಾದಲ್ಲಿ 300. ನಾನಂತೂ ಎದುರು ಬೆಳಕು ಕಂಡ ತಕ್ಷಣ ಇಳಿಸುತ್ತಿದ್ದೆ.

ನಮಗೆ ಧೂಳಿನ ಬಿರುಗಾಳಿ ಸಿಗಲಿಲ್ಲ. ಆದರೆ ಫೀನಿಕ್ಸ್, ಟೂಸಾನ್ ಕಡೆ ಹೋಗುವವರು ಜೂನ್ ಮಧ್ಯದಿಂದ ಸೆಪ್ಟೆಂಬರ್‌ವರೆಗೆ ಎಚ್ಚರವಾಗಿರಿ. ಅಲ್ಲಿ ಹೇಳಿಕೊಡುವುದು ನಮ್ಮ ಅಭ್ಯಾಸಕ್ಕೆ ತೀರಾ ಉಲ್ಟಾ. ರಸ್ತೆಯಿಂದ ಆದಷ್ಟು ದೂರ ಇಳಿಸಿ ನಿಲ್ಲಿಸಿ. ಹಜಾರ್ಡ್, ಅಂದರೆ ನಾಲ್ಕೂ ಇಂಡಿಕೇಟರ್ ಸೇರಿ ಎಲ್ಲಾ ಲೈಟೂ ಆರಿಸಿ. ಹ್ಯಾಂಡ್ ಬ್ರೇಕ್ ಹಾಕಿ, ಬ್ರೇಕ್ ಪೆಡಲ್‌ನಿಂದ ಕಾಲು ತೆಗೆಯಿರಿ. ಧೂಳಿನಲ್ಲಿ ನಿಮ್ಮ ಕೆಂಪು ದೀಪ ಕಂಡರೆ ಹಿಂದಿನವರು ಅದೇ ರಸ್ತೆ ಅಂದುಕೊಂಡು ಸೀದಾ ಬಂದು ಗುದ್ದುತ್ತಾರೆ.

ವಾಪಸ್ ಬರುವಾಗ, ಕ್ಯಾಲಿಫೋರ್ನಿಯಾದ ಬಾರ್‌ಸ್ಟೋ ಊರು ದಾಟಿದ ಮೇಲೆ ರಾತ್ರಿ ಹತ್ತಕ್ಕೆ ಹಿಂದೆ ಪೊಲೀಸರ ಕೆಂಪು ನೀಲಿ ದೀಪ ಕಾಣಿಸಿತು. ಬಲಕ್ಕೆ ನಿಲ್ಲಿಸಿ, ಒಳಗಿನ ಲೈಟ್ ಹಾಕಿ, ಎರಡೂ ಕೈ ಸ್ಟೀರಿಂಗ್ ಮೇಲಿಟ್ಟೆ. ಎಡಗಡೆಯ ಹೆಡ್‌ಲೈಟ್ ಬಲ್ಬ್ ಹೋಗಿತ್ತು. ಆ ಅಧಿಕಾರಿ ಎಚ್ಚರಿಕೆ ಕೊಟ್ಟು ಬಿಟ್ಟರು. ಎಲ್ಲರೂ ಬಿಡುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇಂಥದಕ್ಕೆ ಸಾಮಾನ್ಯವಾಗಿ ಕೊಡುವುದು ‘ಫಿಕ್ಸ್-ಇಟ್’ ಟಿಕೆಟ್. ರಿಪೇರಿ ಮಾಡಿಸಿ, ಅದಕ್ಕೆ ಅಧಿಕಾರಿಯ ಸಹಿ ಹಾಕಿಸಿಕೊಂಡು, 25 ಡಾಲರ್ ಜೊತೆ ಕೋರ್ಟಿಗೆ ಕೊಟ್ಟರೆ ಮುಗಿಯುತ್ತೆ. ಬಾಡಿಗೆ ಗಾಡಿ ಆದರೆ ಸುಮ್ನೆ ಓಡಾಟ ಜಾಸ್ತಿ.

ಹಾಗಾಗಿ ಗಾಡಿ ತೆಗೆದುಕೊಳ್ಳುವ ಜಾಗದಲ್ಲೇ ಹತ್ತು ನಿಮಿಷ ಇಟ್ಟುಕೊಳ್ಳಿ. ಲೋ, ಹೈ, ಇಂಡಿಕೇಟರ್, ಬ್ರೇಕ್, ರಿವರ್ಸ್, ನಂಬರ್ ಪ್ಲೇಟಿನ ಪುಟ್ಟ ಬಿಳಿ ದೀಪ, ಎಲ್ಲವನ್ನೂ ಒಬ್ಬರು ಹಾಕಿ ಇನ್ನೊಬ್ಬರು ಹಿಂದೆ ಮುಂದೆ ನಿಂತು ನೋಡಿ. ಫೋನಿನಲ್ಲಿ ವಿಡಿಯೋ ತೆಗೆದುಕೊಳ್ಳಿ. ಒಬ್ಬರೇ ಇದ್ದರೆ ಗೋಡೆಗೋ ಗಾಜಿನ ಬಾಗಿಲಿಗೋ ಎದುರಾಗಿ ನಿಲ್ಲಿಸಿದರೆ ಬೆಳಕು ಕಾಣುತ್ತೆ. ಆಮೇಲೆ ದಿನಾ ಬೆಳಿಗ್ಗೆ ಹೊರಡುವ ಮುಂಚೆ ಇನ್ನೊಂದು ಸಲ. ನಮ್ಮ ವ್ಯಾನಿನ ಎರಡೂ ಬಲ್ಬ್ ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಉರಿಯುತ್ತಿದ್ದವು. ಕೊನೆಯ ದಿನ ಗಡಿಬಿಡಿಯಲ್ಲಿ ಅಪ್ಪನಿಗೂ ಸುತ್ತು ಬರಲು ಬಿಡಲಿಲ್ಲ.